ಹಳೆಯ ಗಿಟಾರಿಗೆ ಬೆಲೆ ಕಟ್ಟುವವರು ಯಾರು?

ಅಮೆರಿಕದ ದಕ್ಷಿಣದ ರಾಜ್ಯಗಳ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ನಡೆಯುವ ಪ್ರಸಂಗವೊಂದಿದೆ. ಮನೆಯ ಹಿರಿಯರು ತೀರಿಕೊಂಡಿರುತ್ತಾರೆ. ಅವರ ಸಾಮಾನುಗಳನ್ನು ಒಂದೊಂದಾಗಿ ಹೊರತೆಗೆಯುತ್ತಿರುವ ಮಕ್ಕಳಿಗೆ ಮಂಚದ ಕೆಳಗೋ ಗ್ಯಾರೇಜಿನ ಮೂಲೆಯಲ್ಲೋ ಒಂದು ಕರಿಯ ಪೆಟ್ಟಿಗೆ ಸಿಗುತ್ತದೆ. ಒಬ್ಬರೇ ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ತೆರೆದು ನೋಡಿದರೆ ಕಾಲು ಬಿಚ್ಚಿಟ್ಟ ಮೇಜಿನಂತಹ ವಸ್ತು. ಮೇಲೆ ಸಾಲುಸಾಲು ತಂತಿಗಳು, ಕೆಳಗೆ ಕಡ್ಡಿಗಳು, ಸನ್ನೆಗಳು, ಪೆಡಲುಗಳು. ಅಪ್ಪ ಇದನ್ನು ನುಡಿಸುತ್ತಿದ್ದರೆಂಬುದು ಮಕ್ಕಳಿಗೆ ಗೊತ್ತು. ಆದರೆ ಇದರ ಬೆಲೆ ಎಷ್ಟೆಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಹಳೆಯ ಗಿಟಾರೊಂದು ಹರಾಜಿನಲ್ಲಿ ಕೋಟಿಗಟ್ಟಲೆ ಹಣಕ್ಕೆ ಹೋದ ಸುದ್ದಿ ಓದಿದವರು ಮನೆಯ ಸಾಲವೇ ತೀರಿತೆಂದು ಕನಸು ಕಾಣುತ್ತಾರೆ. ಏನೂ ಗೊತ್ತಿಲ್ಲದವರು ಹಳೆಯ ಕುರ್ಚಿ, ಪಾತ್ರೆಗಳ ಜೊತೆಗೆ ಅದನ್ನೂ ನೂರೋ ಇನ್ನೂರೋ ಡಾಲರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇಬ್ಬರ ಎಣಿಕೆಯೂ ತಪ್ಪು. ಈ ವಾದ್ಯದ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಅದರ ಬೆಲೆ ಏರಿದ, ಇಳಿದ ಕತೆ ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳಿಗೂ, ಮಕ್ಕಳಿಗೆ ವಾದ್ಯ ಕೊಡಿಸಬೇಕೆಂದಿರುವ ತಂದೆತಾಯಿಯರಿಗೂ ಪಾಠವಾಗಬಲ್ಲದು.

ಹವಾಯಿಯಿಂದ ನ್ಯಾಶ್‌ವಿಲ್‌ಗೆ

ಗೋಟುವಾದ್ಯವನ್ನು ಕೇಳಿದವರಿಗೆ ಸ್ಟೀಲ್ ಗಿಟಾರಿನ ಗುಟ್ಟನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಲ್ಲಿ ತಂತಿಯನ್ನು ಬೆರಳಿನಿಂದ ಮೆಟ್ಟುಗಳಿಗೆ ಒತ್ತುವುದಿಲ್ಲ. ನುಣುಪಾದ ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುತ್ತಾರೆ. ಸ್ವರದಿಂದ ಸ್ವರಕ್ಕೆ ನಾದ ಕಡಿಯದೆ ಹರಿಯುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಶಾಲಾ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೀಗೆ ನುಡಿಸುವ ಪದ್ಧತಿಯನ್ನು ಬೆಳೆಸಿದನೆಂದು ಹೇಳುತ್ತಾರೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿಯ ಸಂಗೀತ ಕೇಳಿದ ಅಮೆರಿಕನ್ನರು ಅದಕ್ಕೆ ಮರುಳಾದರು. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ವಿದ್ಯುತ್ ಗಿಟಾರ್ ಕೂಡ ತೊಡೆಯ ಮೇಲಿಟ್ಟು ನುಡಿಸುವಂಥದ್ದೇ. ಅದರ ಆಕಾರ ನೋಡಿ ಜನ ಅದನ್ನು 'ಬಾಣಲೆ' ಎಂದು ಕರೆದರು.

ಉಕ್ಕಿನ ತುಂಡು ನೇರವಾಗಿರುವುದರಿಂದ ಒಂದು ತೊಡಕಿತ್ತು. ಎಲ್ಲ ತಂತಿಗಳೂ ಒಟ್ಟಿಗೆ ಮೇಲೇರುತ್ತಿದ್ದವು, ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಬೇರೆ ಬೇರೆ ಸ್ವರಮೇಳಗಳಿಗೆ ಬೇರೆ ಬೇರೆ ಶ್ರುತಿ ಬೇಕಾಗುತ್ತಿತ್ತು. ಅದಕ್ಕಾಗಿ ವಾದಕರು ಎರಡು, ಮೂರು, ನಾಲ್ಕು ಕಂಠಗಳ ಗಿಟಾರು ಮಾಡಿಸಿಕೊಂಡರು. ಕಾಲಿನಿಂದ ಪೆಡಲ್ ಒತ್ತಿ ಒಂದೆರಡು ತಂತಿಗಳ ಶ್ರುತಿಯನ್ನಷ್ಟೇ ಬದಲಿಸುವ ಉಪಾಯ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಮೋಟಾರ್ ಸೈಕಲ್ಲುಗಳ ಕೆಲಸದಲ್ಲಿ ಪಳಗಿದ ಯಂತ್ರಕುಶಲಿ. ಆತ 1940ರ ದಶಕದ ಕೊನೆಯಲ್ಲಿ ಸ್ಪೀಡಿ ವೆಸ್ಟ್ ಮುಂತಾದ ವಾದಕರಿಗೆ ಇಂತಹ ವಾದ್ಯಗಳನ್ನು ಕೈಯಾರೆ ಮಾಡಿಕೊಟ್ಟ. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್ ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಒಂದು ಸ್ವರ ನಿಂತಲ್ಲೇ ನಿಂತಿತು, ಇನ್ನೊಂದು ಅದರ ಪಕ್ಕದಲ್ಲೇ ಬಾಗಿ ಮೇಲೇರಿತು. ಕೇಳಿದ ವಾದಕರೆಲ್ಲ ತಮ್ಮ ಗಿಟಾರುಗಳಿಗೂ ಪೆಡಲ್ ಬೇಕೆಂದು ಹಟ ಹಿಡಿದರು.

ಬೇಡಿಕೆ ಹುಟ್ಟಿದ್ದು ಹೀಗೆ. ನ್ಯಾಶ್‌ವಿಲ್‌ನಲ್ಲಿ ಷಾಟ್ ಜ್ಯಾಕ್ಸನ್ ಮತ್ತು ಬಡ್ಡಿ ಎಮನ್ಸ್ ಇಬ್ಬರೂ ಸೇರಿ ತಮ್ಮ ಹೆಸರುಗಳನ್ನೇ ಕೂಡಿಸಿ 'ಷೋ-ಬಡ್' ಸಂಸ್ಥೆ ಕಟ್ಟಿದರು. ಫೆಂಡರ್ ಕಂಪನಿ 1957ರಲ್ಲಿ ತನ್ನ '1000' ಎಂಬ ಮಾದರಿಯನ್ನು ಹೊರತಂದಿತು. ಸ್ವತಃ ಮಹಾನ್ ವಾದಕರಾಗಿದ್ದ ಎಮನ್ಸ್ 1963ರಲ್ಲಿ ಬೇರೆಯಾಗಿ, ನಾರ್ತ್ ಕ್ಯಾರೊಲಿನಾದ ಬರ್ಲಿಂಗ್‌ಟನ್‌ನಲ್ಲಿ ರಾನ್ ಲ್ಯಾಷ್ಲಿ ಅವರೊಡನೆ ತಮ್ಮದೇ ಹೆಸರಿನ ಗಿಟಾರ್ ಕಂಪನಿ ಆರಂಭಿಸಿದರು. ಇಂದು 'ಹಳೆಯ ಪೆಡಲ್ ಸ್ಟೀಲ್' ಎಂದರೆ ವಾದಕರ ಕಣ್ಣಮುಂದೆ ಬರುವುದು ಮುಖ್ಯವಾಗಿ ಈ ನಾಲ್ಕು ಹೆಸರುಗಳೇ.

ಕೊಳ್ಳುವುದೆಂದರೆ ಹುಡುಗಾಟವಲ್ಲ

ಎರಡು ಕಂಠದ ಪೆಡಲ್ ಸ್ಟೀಲಿನಲ್ಲಿ ಸಾಮಾನ್ಯವಾಗಿ ಇಪ್ಪತ್ತು ತಂತಿಗಳಿರುತ್ತವೆ, ಎಂಟು ಪೆಡಲುಗಳಿರುತ್ತವೆ. ಮೊಣಕಾಲಿನಿಂದ ಅತ್ತಿತ್ತ ತಳ್ಳುವ ನಾಲ್ಕೈದು ಸನ್ನೆಗಳೂ ಇರುತ್ತವೆ. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ಉಗುರುಗವಸು, ಎಡಗಾಲು ಪೆಡಲುಗಳ ಮೇಲೆ, ಬಲಗಾಲು ನಾದದ ಏರಿಳಿತದ ಪೆಡಲಿನ ಮೇಲೆ, ಎರಡು ಮೊಣಕಾಲುಗಳೂ ಸನ್ನೆಗಳ ನಡುವೆ. ದೇಹದಲ್ಲಿ ಬಿಡುವಾಗಿರುವ ಅಂಗವೇ ಇಲ್ಲವೆನ್ನಬಹುದು. ಇದನ್ನು ಮಾಡುವುದು ಬಡಗಿಯ ಕೆಲಸವೂ ಹೌದು, ಯಂತ್ರ ಕಾರ್ಖಾನೆಯ ಕೆಲಸವೂ ಹೌದು. ಆದ್ದರಿಂದ ಪೆಡಲ್ ಸ್ಟೀಲ್ ಅಗ್ಗಕ್ಕೆ ಸಿಗುವ ವಾದ್ಯ ಎಂದೂ ಆಗಿರಲಿಲ್ಲ.

ಕೊಂಡವರ ನೆನಪುಗಳಿಗೆ ಒಂದು ಸಮಾನವಾದ ಎಳೆಯಿದೆ. ಮೊದಲು ರೇಡಿಯೋದಲ್ಲಿ ಆ ನಾದ ಕೇಳಿ ಮನಸೋಲುವುದು. ಆಮೇಲೆ ಊರಿನ ಸಂಗೀತದಂಗಡಿಯಲ್ಲಿ ವಿಚಾರಿಸುವುದು. ಅಂಗಡಿಯಲ್ಲಿ ಅದು ಇರುವುದಿಲ್ಲ. ನಂತರ ಕೆಲಸ ಮಾಡಿ ಹಣ ಕೂಡಿಡುವುದು, ಕಂತಿನ ಸಾಲಕ್ಕೆ ಅಪ್ಪನನ್ನು ಒಪ್ಪಿಸುವುದು, ಕೈಯಲ್ಲಿರುವ ಹಳೆಯ ವಾದ್ಯ ಕೊಟ್ಟು ಮೇಲೆ ಹಣ ಸೇರಿಸುವುದು. ಕೊನೆಗೆ ತಿಂಗಳುಗಟ್ಟಲೆ ಕಾಯುವುದು. ಈ ನೆನಪುಗಳಲ್ಲಿ ಬೆಲೆ ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ಅದರೊಳಗೆ ಒಂದು ಮನೆಯ ಉಳಿತಾಯವಿರುತ್ತದೆ, ಒಂದು ಬೇಸಿಗೆಯ ದುಡಿಮೆ ಇರುತ್ತದೆ.

ಹೆಸರಾದವರಿಗೆ ಈ ಕಷ್ಟವಿರಲಿಲ್ಲ, ನಿಜ. 'ಗ್ರೇಟ್‌ಫುಲ್ ಡೆಡ್' ತಂಡದ ಜೆರ್ರಿ ಗಾರ್ಸಿಯಾ 1969ರಲ್ಲಿ ಡೆನ್ವರ್ ಕಡೆಯ ಅಂಗಡಿಯೊಂದರಲ್ಲಿ ಪೆಡಲ್ ಸ್ಟೀಲ್ ಕೊಂಡರು. ಮರುವರ್ಷವೇ ಹೊರಬಂದ 'ಟೀಚ್ ಯುವರ್ ಚಿಲ್ಡ್ರನ್' ಹಾಡಿನಲ್ಲಿ ಅವರ ಪೆಡಲ್ ಸ್ಟೀಲ್ ಕೇಳಿಸಿತು. ಹಳ್ಳಿಗಾಡಿನ ಸಂಗೀತವೆಂದು ಮೂಗು ಮುರಿಯುತ್ತಿದ್ದ ನಗರದ ತರುಣರೂ ಆ ನಾದಕ್ಕೆ ಕಿವಿಗೊಟ್ಟರು.

ಬೆಲೆಯ ಏರುಪೇರು

ಹಳೆಯದಾದಂತೆಲ್ಲ ವಸ್ತುವಿನ ಬೆಲೆ ಏರುತ್ತದೆಂದು ನಂಬುವವರು ಎಮನ್ಸ್ ಗಿಟಾರಿನ ಕತೆಯನ್ನು ತಿಳಿಯಬೇಕು. 1960ರ ದಶಕದಲ್ಲಿ ಬಂದ ಅದರ ಯಂತ್ರವ್ಯವಸ್ಥೆಗೆ 'ಪುಷ್-ಪುಲ್' ಎಂದು ಹೆಸರು. ನಾದ ಅತ್ಯುತ್ತಮ. ಆದರೆ ಪೆಡಲುಗಳ ಜೋಡಣೆಯನ್ನು ಬದಲಿಸಬೇಕೆಂದರೆ ವಾದ್ಯವನ್ನು ತಲೆಕೆಳಗು ಮಾಡಿ ಗಂಟೆಗಟ್ಟಲೆ ಸೆಣಸಬೇಕು. ಮುಂದೆ 'ಆಲ್-ಪುಲ್' ಎಂಬ ಸುಲಭದ ವ್ಯವಸ್ಥೆ ಎಲ್ಲೆಡೆ ಬಳಕೆಗೆ ಬಂದಾಗ ಅನೇಕ ವಾದಕರು ಹಳೆಯದನ್ನು ಮಾರಿ ಹೊಸದನ್ನು ತಂದರು. ಆಗ ಪುಷ್-ಪುಲ್ ಎಂದರೆ ಕಾಲ ಮೀರಿದ ಯಂತ್ರ. ಕೆಲವು ವರ್ಷಗಳ ಬಳಿಕ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ, 'ಆ ನಾದ ಇದರಲ್ಲಿಲ್ಲವಲ್ಲ' ಎಂದು ಕೈ ಹಿಸುಕಿಕೊಂಡವರೂ ಅವರಲ್ಲಿದ್ದರು. ತಾವು ಮಾರಿದ್ದನ್ನೇ ಹುಡುಕಿಕೊಂಡು ಹೊರಟರು. ಹೀಗೆ ಹುಡುಕುವವರು ಹೆಚ್ಚಿದಾಗ ಬೆಲೆಯೂ ಏರಿತು. ವಾದ್ಯ ಬದಲಾಗಿರಲಿಲ್ಲ, ಬದಲಾದದ್ದು ಅದನ್ನು ಕೇಳುವ ಕಿವಿ.

ಮಾರುವ ರೀತಿಯೂ ಬದಲಾಯಿತು. ಒಂದು ಕಾಲಕ್ಕೆ ಬೆಲೆ ಊರಿಂದೂರಿಗೆ ಬೇರೆಯಾಗಿತ್ತು. ಟೆಕ್ಸಾಸಿನಲ್ಲಿ ಎಲ್ಲರಿಗೂ ಬೇಕಾದದ್ದು ಬೇರೆ ಕಡೆ ಗಿರವಿ ಅಂಗಡಿಯ ಕಿಟಕಿಯಲ್ಲಿ ದೂಳು ತಿನ್ನುತ್ತ ಬಿದ್ದಿರುತ್ತಿತ್ತು. ಕಣ್ಣುಳ್ಳವನಿಗೆ ಅದೇ ಲಾಟರಿ. ಸೇಂಟ್ ಲೂಯಿಸ್ ನಗರದಲ್ಲಿ ದಶಕಗಳ ಕಾಲ ನಡೆದ ಸ್ಟೀಲ್ ಗಿಟಾರ್ ಸಮ್ಮೇಳನದಂತಹ ಕೂಟಗಳಲ್ಲಿ ವಾದಕರು ಕಛೇರಿ ಕೇಳುವುದರ ಜೊತೆಗೆ ವಾದ್ಯಗಳ ಕೊಡುಕೊಳ್ಳುವಿಕೆಯನ್ನೂ ನಡೆಸುತ್ತಿದ್ದರು. 1995ರಲ್ಲಿ ಇಬೇ ಆರಂಭವಾದ ನಂತರದ ವರ್ಷಗಳಲ್ಲಿ ಅಂತರ್ಜಾಲ ಈ ಗುಟ್ಟನ್ನೆಲ್ಲ ಬಯಲು ಮಾಡಿತು. ಒಂದೂರಿನ ಬೆಲೆ ಮತ್ತೊಂದೂರಿಗೆ ಮನೆಯಲ್ಲಿ ಕುಳಿತೇ ತಿಳಿಯತೊಡಗಿತು. ಮೋಸ ಹೋಗುವವರು ಕಡಿಮೆಯಾದರು. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರೂ ಕಡಿಮೆಯಾದರು.

ಈಗ ಮೂರನೆಯ ಘಟ್ಟ. 1960 ಮತ್ತು 70ರ ದಶಕಗಳಲ್ಲಿ ಹರೆಯದಲ್ಲಿ ಈ ವಾದ್ಯ ಕೊಂಡವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಬಡ್ಡಿ ಎಮನ್ಸ್ ಅವರೇ 2015ರಲ್ಲಿ ತೀರಿಕೊಂಡರು. ಭಾರ ಎತ್ತಲಾರದವರು, ಬೆರಳು ಮರಗಟ್ಟಿದವರು ವಾದ್ಯವನ್ನು ಮಾರುತ್ತಿದ್ದಾರೆ. ಮಾರುವವರು ಹೆಚ್ಚಿ, ಕೊಳ್ಳುವವರು ಅಷ್ಟೇ ಇದ್ದರೆ ಬೆಲೆ ಏನಾಗುತ್ತದೆಂಬುದನ್ನು ಪಿಯುಸಿ ವಿದ್ಯಾರ್ಥಿಯೂ ಹೇಳಬಲ್ಲ.

ಗೋಡೆಗೆ ನೇತುಹಾಕಲಾಗದ ಗಿಟಾರು

ಹಾಗಾದರೆ ಪತ್ರಿಕೆಗಳಲ್ಲಿ ಬರುವ ಕೋಟಿಗಟ್ಟಲೆಯ ಸುದ್ದಿ ಸುಳ್ಳೇ? ಅಲ್ಲ. ಡೇವಿಡ್ ಗಿಲ್ಮೋರ್ 1970ರಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಕೊಂಡ ಕಪ್ಪು ಫೆಂಡರ್ ಗಿಟಾರು 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರಿಗೆ ಹೋಯಿತು. ಕರ್ಟ್ ಕೊಬೇನ್ ನುಡಿಸಿದ ಗಿಟಾರೊಂದು 2020ರಲ್ಲಿ 60 ಲಕ್ಷ ಡಾಲರ್ ತಂದಿತು. ಇವು ಪ್ರಸಿದ್ಧರ ಕೈ ಸೋಕಿದ ವಸ್ತುಗಳು, ಅವುಗಳ ಲೆಕ್ಕವೇ ಬೇರೆ. ಆದರೆ ಯಾವ ಪ್ರಸಿದ್ಧರೂ ಮುಟ್ಟದ 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರು ಕೂಡ, ಹೊಸದಿದ್ದಾಗ 300 ಡಾಲರಿಗಿಂತ ಕಡಿಮೆಗೆ ಸಿಗುತ್ತಿದ್ದುದು, ಇಂದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಲಕ್ಷಾಂತರ ಡಾಲರ್ ಬೆಲೆಬಾಳುತ್ತದೆ.

ಅದಕ್ಕಿಂತ ಹೆಚ್ಚು ಶ್ರಮದಿಂದ ತಯಾರಾದ, ಅಷ್ಟೇ ಹಳೆಯದಾದ ಪೆಡಲ್ ಸ್ಟೀಲಿಗೆ ಬರುವುದು ಸಾಮಾನ್ಯವಾಗಿ ಕೆಲವು ಸಾವಿರ ಡಾಲರ್ ಮಾತ್ರ. ಏಕೆ? ಮೊದಲ ಕಾರಣ, ಅದನ್ನು ನುಡಿಸಬಲ್ಲವರು ಕಡಿಮೆ. ಲೆಸ್ ಪಾಲ್ ಕೊಳ್ಳುವ ವೈದ್ಯರೋ ವಕೀಲರೋ ನಾಲ್ಕು ಸ್ವರಮೇಳ ಕಲಿತಿದ್ದರೂ ಸಾಕು, ಎತ್ತಿಕೊಂಡು ಸಂಜೆ ನುಡಿಸಿ ಸಂತೋಷಪಡಬಹುದು. ಪೆಡಲ್ ಸ್ಟೀಲಿನ ಮುಂದೆ ಕುಳಿತರೆ ಮೊದಲ ಆರು ತಿಂಗಳು ಅದು ಬೆಕ್ಕಿನ ಜಗಳದಂತೆಯೇ ಕೇಳಿಸುತ್ತದೆ. ಎರಡನೆಯದು, ಅದನ್ನು ಗೋಡೆಗೆ ನೇತುಹಾಕಿ ಬಂದವರಿಗೆ ತೋರಿಸಲಾಗುವುದಿಲ್ಲ. ಮೂರನೆಯದು, ಅದು ದರ್ಜಿ ಹೊಲಿದ ಅಂಗಿಯಂತೆ. ಪೆಡಲುಗಳ ಕ್ರಮದಲ್ಲೇ 'ಎಮನ್ಸ್ ಪದ್ಧತಿ', 'ಡೇ ಪದ್ಧತಿ' ಎಂದು ಎರಡು ಬಗೆಗಳಿವೆ. ಜಿಮ್ಮಿ ಡೇ ಎಂಬ ವಾದಕರ ಹೆಸರಿನ ಎರಡನೆಯ ಪದ್ಧತಿಯಲ್ಲಿ ಪೆಡಲುಗಳ ಸಾಲು ತಿರುಗುಮುರುಗು. ಮೊಣಕಾಲಿನ ಸನ್ನೆಗಳ ಕೆಲಸವೂ ವಾದಕನಿಂದ ವಾದಕನಿಗೆ ಬೇರೆ. ಒಬ್ಬರ ಕಾಲಿಗೆ ಒಗ್ಗಿದ್ದು ಇನ್ನೊಬ್ಬರ ಕಾಲಿಗೆ ಸುಲಭವಾಗಿ ಒಗ್ಗುವುದಿಲ್ಲ.

ಇಷ್ಟರಿಂದ ಒಂದು ಮಾತು ಸ್ಪಷ್ಟ. ಲೆಸ್ ಪಾಲ್‌ಗೆ ಬೆಲೆ ಕಟ್ಟಿದವರು ಸಂಗ್ರಾಹಕರು. ಪೆಡಲ್ ಸ್ಟೀಲಿಗೆ ಬೆಲೆ ಕಟ್ಟಿದವರು ಹೆಚ್ಚಾಗಿ ವಾದಕರು. ವಾದಕರ ಜೇಬು ಯಾವ ದೇಶದಲ್ಲೂ ದೊಡ್ಡದಲ್ಲ. ಬಿಗ್ಸ್‌ಬಿ ಕೈಯಾರೆ ಮಾಡಿದ ಅಪರೂಪದ ವಾದ್ಯಗಳು, ಎಮನ್ಸ್ ಕಂಪನಿಯ ಮೊದಮೊದಲ ಮಾದರಿಗಳು ಸಂಗ್ರಾಹಕರ ಕಣ್ಣಿಗೆ ಬಿದ್ದಿರುವುದರಿಂದ ಅವುಗಳ ಬೆಲೆ ಹೆಚ್ಚು. ಉಳಿದವು ಇಂದಿಗೂ ದುಡಿಯುವವರ ಕೈಗೆ ಎಟುಕುವ ಮಟ್ಟದಲ್ಲಿಯೇ ಇವೆ. ಮಾರುವ ಮನೆಯವರಿಗೆ ಇದು ನಿರಾಶೆಯ ಸುದ್ದಿ. ಕಲಿಯಬೇಕೆಂಬ ಹುಡುಗ ಹುಡುಗಿಯರಿಗೆ ಮಾತ್ರ ಇದು ಸಿಹಿ ಸುದ್ದಿ.

ವಿದ್ಯಾರ್ಥಿಗಳಿಗೊಂದು ಲೆಕ್ಕ

1970ರಲ್ಲಿ ಒಬ್ಬಾತ 1,000 ಡಾಲರ್ ಕೊಟ್ಟು ಇಂತಹ ವಾದ್ಯ ಕೊಂಡನೆಂದೂ 2024ರಲ್ಲಿ ಅದನ್ನು 4,000 ಡಾಲರಿಗೆ ಮಾರಿದನೆಂದೂ ಇಟ್ಟುಕೊಳ್ಳಬಹುದು. ಅವನಿಗೆ ಲಾಭವಾಯಿತೇ, ನಷ್ಟವಾಯಿತೇ?

ಮೇಲ್ನೋಟಕ್ಕೆ ಹಣ ನಾಲ್ಕು ಪಟ್ಟಾಗಿದೆ. ಆದರೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಈ 54 ವರ್ಷಗಳಲ್ಲಿ ಸಾಮಾನ್ಯ ಬೆಲೆಗಳು ಸುಮಾರು ಎಂಟು ಪಟ್ಟು ಏರಿವೆ. 1970ರ 1,000 ಡಾಲರ್ ಎಂದರೆ 2024ರ ಸುಮಾರು 8,000 ಡಾಲರ್. ಆ ಅಳತೆಯಲ್ಲಿ ಅವನು ಅರ್ಧ ಕಳೆದುಕೊಂಡಿದ್ದಾನೆ. ಚಕ್ರಬಡ್ಡಿಯ ಸೂತ್ರ ಬಳಸಿದರೆ ಅವನ ಹಣ ವರ್ಷಕ್ಕೆ ಬೆಳೆದದ್ದು ಶೇ 2.6ರಷ್ಟು. ಹಣದುಬ್ಬರವಾದರೋ ವರ್ಷಕ್ಕೆ ಶೇ 3.9ರಷ್ಟಿತ್ತು.

ಇನ್ನೊಂದು ಅಳತೆಗೋಲು ಹಿಡಿದರೆ ಉತ್ತರ ಬೇರೆ. 1970ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 1.60 ಡಾಲರ್. 1,000 ಡಾಲರ್ ಗಳಿಸಲು 625 ಗಂಟೆ, ಎಂದರೆ ವಾರಕ್ಕೆ 40 ಗಂಟೆಯಂತೆ ಹದಿನೈದು ವಾರಗಳಿಗೂ ಮೇಲೆ ದುಡಿಯಬೇಕಿತ್ತು. 2009ರಿಂದ ಕೇಂದ್ರದ ಕನಿಷ್ಠ ಕೂಲಿ 7.25 ಡಾಲರ್. ಅದರಲ್ಲಿ 4,000 ಡಾಲರ್ ಗಳಿಸಲು ಸುಮಾರು 552 ಗಂಟೆ ಬೇಕು. ಅನೇಕ ರಾಜ್ಯಗಳಲ್ಲಿ ಕೂಲಿ ಇದಕ್ಕಿಂತ ಹೆಚ್ಚಿದೆ, ಅಲ್ಲಿ ಗಂಟೆಗಳೂ ಕಡಿಮೆಯಾಗುತ್ತವೆ. ಆದರೂ ಕನಿಷ್ಠ ಕೂಲಿಯ ಹುಡುಗನ ಬೆವರಿನ ಲೆಕ್ಕದಲ್ಲಿ ಆ ವಾದ್ಯ ಅರ್ಧಕ್ಕೆ ಇಳಿದಿಲ್ಲ. ಬೆಲೆ ಏರಿತು, ಇಳಿಯಿತು ಎಂದು ಯಾರಾದರೂ ಹೇಳಿದರೆ 'ಯಾವ ಅಳತೆಯಲ್ಲಿ?' ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಬೇಕು. ಮನೆ, ಬಂಗಾರ, ಅಕ್ಕಿ, ಕಾಲೇಜಿನ ಶುಲ್ಕ ಎಲ್ಲಕ್ಕೂ ಈ ಪ್ರಶ್ನೆ ಹೊಂದುತ್ತದೆ.

ಲೆಕ್ಕದಲ್ಲಿ ಸೇರದ ಬಾಬು ಇನ್ನೂ ಒಂದಿದೆ. ಆತ ಆ ವಾದ್ಯವನ್ನು 54 ವರ್ಷ ನುಡಿಸಿದ್ದರೆ, ಮದುವೆ ಮನೆಗಳಲ್ಲಿ, ನೃತ್ಯಕೂಟಗಳಲ್ಲಿ, ಚರ್ಚಿನಲ್ಲಿ ಅದರಿಂದ ನಾಲ್ಕು ಕಾಸು ಸಂಪಾದಿಸಿದ್ದರೆ, ಕೊನೆಗೆ ಸಿಕ್ಕ 4,000 ಡಾಲರ್ ಉಡುಗೊರೆಯೇ ಸರಿ. ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಮಾತ್ರ ಅದು ನಷ್ಟದ ವ್ಯಾಪಾರ.

ತಂದೆತಾಯಿಯರಿಗೆ ಎರಡು ಮಾತು

ಷೋ-ಬಡ್ ಕಂಪನಿ ಕಲಿಯುವವರಿಗೆಂದು 'ಮೇವರಿಕ್' ಎಂಬ ಅಗ್ಗದ ಮಾದರಿಯನ್ನು ಮಾರುತ್ತಿತ್ತು. ಹತ್ತು ತಂತಿ, ಮೂರು ಪೆಡಲ್, ಮೊಣಕಾಲಿಗೆ ಒಂದೇ ಸನ್ನೆ. ಮಗ ನುಡಿಸುತ್ತಾನೋ ಬಿಡುತ್ತಾನೋ ಎಂಬ ಅನುಮಾನವಿದ್ದ ಮನೆಗಳಿಗೆ ಅದೇ ಸೂಕ್ತವೆನಿಸುತ್ತಿತ್ತು. ಆದರೆ ಸ್ವಲ್ಪ ಕಲಿತ ಹುಡುಗನಿಗೆ ಅದರ ಮಿತಿ ಬೇಗ ಎದುರಾಗುತ್ತಿತ್ತು. ಹಾಡಿನಲ್ಲಿ ಕೇಳಿದ ಸ್ವರ ಅವನ ವಾದ್ಯದಲ್ಲಿ ಬರುವಂತೆಯೇ ಇರಲಿಲ್ಲ. ಇನ್ನೊಂದು ಸನ್ನೆ ಸೇರಿಸುವುದೂ ಸುಲಭವಿರಲಿಲ್ಲ. ತಪ್ಪು ತನ್ನದೆಂದು ತಿಳಿದು ಕೈಚೆಲ್ಲಿದ ಮಕ್ಕಳು ಎಷ್ಟೋ. ಹಾಗೆಂದು ಮೊದಲ ದಿನವೇ ಎರಡು ಕಂಠದ ದುಬಾರಿ ವಾದ್ಯ ತಂದಿಡುವುದೂ ಜಾಣತನವಲ್ಲ. ಒಂದೇ ಕಂಠದ, ಆದರೆ ಯಂತ್ರಭಾಗ ಪೂರ್ಣವಾಗಿರುವ, ಒಬ್ಬರು ಚೆನ್ನಾಗಿ ಬಳಸಿದ ವಾದ್ಯ ಸಾಕು.

ಕೊಳ್ಳುವಾಗ ಹೊಳಪಿಗಿಂತ ತಳಭಾಗವನ್ನು ನೋಡಬೇಕೆಂಬುದು ಅನುಭವಿಗಳ ಮಾತು. ಕಡ್ಡಿಗಳು ಸವೆದಿವೆಯೇ? ಪೆಡಲ್ ಒತ್ತಿ ಬಿಟ್ಟ ಮೇಲೆ ತಂತಿ ಮೊದಲಿನ ಶ್ರುತಿಗೆ ಸರಿಯಾಗಿ ಮರಳುತ್ತದೆಯೇ? ಮರ ಬಿರುಕು ಬಿಟ್ಟಿದೆಯೇ? ಮುರಿದ ಬಿಡಿಭಾಗ ಸಿಗುತ್ತದೆಯೇ? ರಿಪೇರಿ ಬಲ್ಲವರು ಹತ್ತಿರದಲ್ಲಿದ್ದಾರೆಯೇ? ಇವೆಲ್ಲಕ್ಕಿಂತ ಮೊದಲು, ಕಲಿಸುವ ಗುರುಗಳು ಯಾರು? ವೀಣೆ, ಪಿಟೀಲು, ತಬಲ, ಕೀಬೋರ್ಡು ಯಾವುದನ್ನು ಕೊಡಿಸುವ ತಂದೆತಾಯಿಯರೂ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದರಿಂದ ಉಳಿಯುವ ಹಣ ಯಾವ ರಿಯಾಯಿತಿ ಮಾರಾಟದಲ್ಲೂ ಉಳಿಯುವುದಿಲ್ಲ.

'ಮುಂದೆ ಒಳ್ಳೆಯ ಬೆಲೆ ಬರುತ್ತದೆ' ಎಂಬ ಆಸೆಯಿಂದ ವಾದ್ಯ ಕೊಳ್ಳುವುದು ಬೇಡ. ವಾದ್ಯದ ಯೋಗ್ಯತೆಯನ್ನು ಏರಿಸುವುದು ಅದನ್ನು ನುಡಿಸುವ ಕೈ. ಇದಕ್ಕೆ ಭಾರತದಲ್ಲೇ ಸಾಕ್ಷಿಯುಂಟು. ಹವಾಯಿಯ ಟಾವ್ ಮೋ ಎಂಬ ವಾದಕರು 1940ರ ದಶಕದಲ್ಲಿ ಕುಟುಂಬದೊಡನೆ ಕಲ್ಕತ್ತೆಯಲ್ಲಿದ್ದು ಈ ಜಾರುವ ಗಿಟಾರನ್ನು ಜನಪ್ರಿಯಗೊಳಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗಗಳನ್ನು ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಬಂದ ಅವರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಿಕೆ ಮನೆಮಾತಾಯಿತು. ವಿಶ್ವಮೋಹನ ಭಟ್ ಗಿಟಾರಿಗೆ ಮತ್ತಷ್ಟು ತಂತಿಗಳನ್ನು ಸೇರಿಸಿ 'ಮೋಹನವೀಣೆ'ಯಾಗಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಪೆಡಲ್ ಇಲ್ಲದ ಗಿಟಾರಿನಿಂದಲೇ ಇವರು ಬೇಕಾದ ನಾದ ಹೊರಡಿಸಿದರು.

ಈಗ ಆ ಕರಿಯ ಪೆಟ್ಟಿಗೆಗೆ ಮರಳಬಹುದು. ಅದನ್ನು ತೆರೆದ ಮಕ್ಕಳು ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಮೊದಲು ಅಪ್ಪನ ಜೊತೆ ನುಡಿಸುತ್ತಿದ್ದ ಒಬ್ಬರನ್ನು ಮನೆಗೆ ಕರೆಸುವುದು. ಅವರು ಕಾಲುಗಳನ್ನು ಜೋಡಿಸಿ, ಪೆಡಲುಗಳನ್ನು ಕಟ್ಟಿ, ಶ್ರುತಿ ಮಾಡಿ ಒಂದು ಹಾಡು ನುಡಿಸಿದರೆ ಮನೆಯವರಿಗೆ ಅಪ್ಪ ಏನು ಬಿಟ್ಟುಹೋದರೆಂದು ಗೊತ್ತಾಗುತ್ತದೆ. ಆಮೇಲೆ ನ್ಯಾಯವಾದ ಬೆಲೆಗೆ, ಕಲಿಯುವ ಹಂಬಲವಿರುವ ಯಾರಿಗಾದರೂ ಅದನ್ನು ಕೊಡಬಹುದು. ಆ ಬೆಲೆಯಿಂದ ಮನೆಯ ಸಾಲ ತೀರಲಿಕ್ಕಿಲ್ಲ. ಕೊಂಡ ಹುಡುಗಿ ಮೊದಲ ಆರು ತಿಂಗಳು ನೆರೆಯವರ ನಿದ್ದೆ ಕೆಡಿಸುತ್ತಾಳೆ. ಏಳನೆಯ ತಿಂಗಳಲ್ಲಿ ಒಂದು ಸ್ವರ ನಿಂತಲ್ಲೇ ನಿಂತು, ಇನ್ನೊಂದು ಅದರ ಪಕ್ಕದಲ್ಲಿ ಮೆಲ್ಲಗೆ ಬಾಗಿ ಮೇಲೇಳುತ್ತದೆ.